ಹತ್ತು ಹೆಜ್ಜೆ ಆಚೆಗೆ

ಬೆಳಿಗ್ಗೆ ಮುನೀರ್ ಬಾಗಿಲು ತೆಗೆದಾಗ ದಾರಿಗೆ ಅಡ್ಡಲಾಗಿ ಬೆತ್ತದ ಬಳ್ಳಿ ಕಟ್ಟಿತ್ತು. ಬಳ್ಳಿಯ ತುಂಬ ಹಸಿ ಎಲೆ, ಎಲ್ಲವೂ ಊರಿನ ಕಡೆಗೆ ಮುಖ ಮಾಡಿದ್ದವು. ಆಚೆ ಊರು, ಈಚೆ ಇವರದೊಂದೇ ಮನೆ.

"ಏನಿದು?" ಹೆಂಡತಿ ಜಾಹೀದಾ ಕೇಳಿದಳು.

"ಕಾಣವಲ್ದೇನು? ನಾವು ರೋಗದ ಮಂದಿ ಅಂತ."

2020ರ ಮಾರ್ಚ್. ಮಲೇಷ್ಯಾ ಬೀಗ ಹಾಕಿಕೊಂಡು ವಾರವಾಗಿತ್ತು. ಇವರು ಸೈಬರ್‌ಜಯಾದ ಫ್ಲಾಟ್ ಬಿಟ್ಟು ಪೆರಾಕ್ ರಾಜ್ಯದ ಕಾಡಿನೊಳಗಿನ ಈ ಮೂಲನಿವಾಸಿಗಳ ಊರಿಗೆ ಬಂದು ಆರು ವಾರ. ಗುಡ್ಡದ ಒರತೆಯ ನೀರನ್ನು ಊರಿಗೆ ಇಳಿಸುವುದು ಎಂಜಿನಿಯರ್ ಮುನೀರನ ಕೆಲಸ. ಹೆಂಡತಿ ಮಗಳನ್ನು ಕರೆತಂದದ್ದು ಮಾತ್ರ ಒಳ್ಳೆಯ ಗಾಳಿಗಾಗಿ. ಎಂಟು ವರ್ಷದ ಝೋಯಾಗೆ ಉಬ್ಬಸ. ಬರೀ ನೆಗಡಿಯಾದರೂ ಮಗು ಆಸ್ಪತ್ರೆ ಸೇರುತ್ತದೆ ಎಂದು ಜಾಹೀದಾ ಬಂದ ದಿನವೇ ಊರಿನ ಮುಖಂಡ ಅಲಾಂಗನಿಗೆ ತನ್ನ ಹರುಕುಮುರುಕು ಮಲಯ್‌ನಲ್ಲಿ ಹೇಳಿಕೊಂಡಿದ್ದಳು. ಮುದುಕ ತಲೆಯಾಡಿಸಿದ್ದ, ಅಷ್ಟೇ.

ಅವನ ಮೊಮ್ಮಗಳು ಮಿಲಾ ಅಂದಿನಿಂದ ಝೋಯಾಳ ಬೆನ್ನು ಬಿಟ್ಟಿರಲಿಲ್ಲ. ಮಿಲಾಳ ಅಪ್ಪ ಪೇಟೆಗೆ ಹೋಗಿ ಬಂದ ಸಂಜೆಯಿಂದ ಅವಳ ಸುಳಿವಿಲ್ಲ. ಮಾರನೆಯ ದಿನವೇ ಈ ಬಳ್ಳಿ. ಪೇಟೆಯಲ್ಲಿ ಯಾರೋ ಅವನ ಕಿವಿ ಊದಿರಬೇಕು ಎಂದುಕೊಂಡ ಮುನೀರ್. ಬಳ್ಳಿಯ ಬಳಿ ನಿಂತು ಕೂಗಿದ. ಕೇಳಿಸಿಕೊಂಡವರೂ ಉತ್ತರ ಕೊಡಲಿಲ್ಲ.

ಏಪ್ರಿಲ್‌ನಲ್ಲಿ ಗದಗಿನಿಂದ ಅಣ್ಣ ತಾಹಿರ್ ಫೋನ್ ಮಾಡಿದ. ಅವನ ತರಕಾರಿ ಗಾಡಿಯನ್ನು ಪಕ್ಕದ ಓಣಿಯವರು ಒಳಗೆ ಬಿಡುತ್ತಿಲ್ಲವಂತೆ, ನೀವು ರೋಗ ಹಚ್ಚುತ್ತೀರಿ ಎಂದು. ಓಣಿಯ ಬಾಯಿಗೆ ಹಗ್ಗ ಕಟ್ಟಿದ್ದಾರಂತೆ. ಮುನೀರ್ ಫೋನ್ ಇಟ್ಟು ಬೆತ್ತದ ಬಳ್ಳಿಯನ್ನು ಬಹಳ ಹೊತ್ತು ನೋಡಿದ. ಅಲ್ಲೂ ಅದೇ, ಇಲ್ಲೂ ಅದೇ.

ಅವನನ್ನು ಹೆಚ್ಚು ಕೊರೆದದ್ದು ಅವನೇ ಇಳಿಸಿದ ಒರತೆ ನೀರಿನ ನಲ್ಲಿ. ಅದು ಇದ್ದದ್ದು ಇವರ ಅಂಗಳದಲ್ಲಿ. ಈಗ ಊರವರು ನೀರು ತರಲು ಮತ್ತೆ ಬಿದಿರ ಕೊಳವೆ ಹೊತ್ತು ಹೊಳೆಗೆ ಇಳಿಯುತ್ತಿದ್ದರು.

"ನಾ ತಂದ ನೀರು ಮುಟ್ಟಾಕೂ ಹೇಸ್ತಾರ. ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ?"

"ಮತ್ತ ದಿನಾ ಮೀನು ಯಾಕ ಇಟ್ಟು ಹೋಗ್ತಾರ?"

"ಭಿಕ್ಷಾ."

ಬಳ್ಳಿಯ ಬುಡದ ಕಲ್ಲಿನ ಮೇಲೆ ದಿನವೂ ಸುಟ್ಟ ಮೀನು, ಮರಗೆಣಸು ಇರುತ್ತಿತ್ತು. ಬಾಯಿಗೆ ಬಟ್ಟೆ ಕಟ್ಟಿದ ಮುದುಕಿಯೊಬ್ಬಳು ಇಟ್ಟು, ತಿರುಗಿ ನೋಡದೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಮಿಲಾ ದೂರದಲ್ಲಿ ಕಂಡಳು. ಝೋಯಾ ಕೈಬೀಸುತ್ತ ಓಡಿದಳು. ಓಡಿದ್ದಕ್ಕೆ ಕೆಮ್ಮು ಬಂತು. ಮಿಲಾ ಗಾಬರಿಯಿಂದ ಹಿಂದಕ್ಕೆ ಓಡಿಬಿಟ್ಟಳು. ಮಾರನೆಯ ಬೆಳಿಗ್ಗೆ ಬಳ್ಳಿ ಹತ್ತು ಹೆಜ್ಜೆ ಆಚೆಗೆ ಸರಿದಿತ್ತು.

"ಐ ಓನ್ಲಿ ಕಾಫ್ಡ್ ಲಾ, ಮಮ್ಮಿ," ಎಂದಳು ಝೋಯಾ ತನ್ನ ಮಲೇಷ್ಯಾದ ಇಂಗ್ಲಿಷಿನಲ್ಲಿ, ಬರೀ ಕೆಮ್ಮಿದ್ದಕ್ಕೇ ಹೀಗೇ ಎಂಬಂತೆ. ಜಾಹೀದಾ ಅವಳನ್ನು ಒಳಗೆ ಕರೆದುಕೊಂಡಳು.

ಆಮೇಲೆ ಮಗು ಕಿಟಕಿ ಬಿಟ್ಟು ಏಳಲಿಲ್ಲ. ತನ್ನದೂ ಮಿಲಾಳದೂ ಎರಡೂ ಕಡೆಯ ಆಟ ಒಬ್ಬಳೇ ಆಡುತ್ತಿದ್ದಳು. ಊರಿನಲ್ಲಿ ಒಲೆಯ ಹೊಗೆ ದಿನೇದಿನೇ ಕಡಿಮೆಯಾಯಿತು. ಕೆಲವರು ಕಾಡಿಗೇ ಹೋಗಿಬಿಟ್ಟರು. ನಮ್ಮಿಂದ ಇಷ್ಟೊಂದು ದೂರವೇ ಎಂದು ಜಾಹೀದಾ ಅತ್ತಳು. ಮಗುವಿಗೆ ಗಾಳಿ ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಹೊರಟುಬಿಡೋಣ ಎಂದಳು.

ಮೇ ತಿಂಗಳಲ್ಲಿ ರಸ್ತೆ ತೆರೆಯಿತು. ಜೀಪು ಬಂತು. ಸಾಮಾನು ಏರಿಸಿದ ಮೇಲೆ ಮುನೀರ್ ಮಗಳ ಕೈ ಹಿಡಿದು ನೇರ ಬಳ್ಳಿಯ ಬಳಿ ನಡೆದ. "ಅವರ ಮಾರಿ ಮುಂದ ಹೇಳೇ ಹೋಗ್ತೀನಿ," ಎಂದವನು ಮಚ್ಚಿನಿಂದ ಅದನ್ನು ಕಡಿದು ಒಳಗೆ ಕಾಲಿಟ್ಟ.

"ಅಲ್ಲೇ ನಿಲ್ಲಿ!" ಅಲಾಂಗ್ ಜಗಲಿಯಿಂದ ಎರಡೂ ಕೈ ಚಾಚಿ ಕೂಗಿದ. "ಮಗುವನ್ನು ಹಿಂದಕ್ಕೆ ಕರೆದೊಯ್ಯಿರಿ!"

"ಅಷ್ಟೊಂದು ಭಯವೇ ನನ್ನ ಮಗಳೆಂದರೆ?" ಮುನೀರ್ ಮಲಯ್‌ನಲ್ಲೇ ಕೇಳಿದ.

"ಹೌದು, ಬಹಳ ಭಯ." ಮುದುಕ ಮುಖ ಆಚೆ ತಿರುಗಿಸಿ ಕೆಮ್ಮಿದ. ಕೆಮ್ಮು ಬೇಗ ನಿಲ್ಲಲಿಲ್ಲ. "ಬಳ್ಳಿ ಕಟ್ಟಿದ ಮೇಲೆ ಆಚೆ ಈಚೆ ಮಾತಾಡಬಾರದು, ಅದು ನಮ್ಮ ಪದ್ಧತಿ. ನೀವು ಕಡಿದಿರಿ, ಅದಕ್ಕೆ ಹೇಳುತ್ತಿದ್ದೇನೆ. ಎಲೆ ಮುಖ ಮಾಡಿದ ಕಡೆ ರೋಗ ಇರುತ್ತದೆ."

ಮುನೀರ್ ಕೈಯಲ್ಲಿದ್ದ ಬಳ್ಳಿಯನ್ನು ನೋಡಿದ.

"ಮಿಲಾಳ ಅಪ್ಪ ಪೇಟೆಯಿಂದ ಜ್ವರ ತಂದ, ಈಗ ಹದಿನಾಲ್ಕು ಮಂದಿ ಮಲಗಿದ್ದೇವೆ, ನಿಮ್ಮ ಮಗುವಿನ ಎದೆ ತಡೆಯದು ಎಂದು ನೀವೇ ಹೇಳಿದ್ದಿರಲ್ಲ, ಅವಳು ಕೆಮ್ಮಿದ್ದು ಕೇಳಿ ರೋಗ ಅಂಟಿತೇನೋ ಎಂದು ಬಳ್ಳಿ ನಮ್ಮ ಕಡೆಗೆ ಸರಿಸಿದೆವು, ಆ ಹತ್ತು ಹೆಜ್ಜೆ ಸಾಲುತ್ತದೆಯೇ ಎಂದು ಮಿಲಾ ಇನ್ನೂ ಅಳುತ್ತಿದ್ದಾಳೆ."