ಕೆಮ್ಮಿನ ಪರೀಕ್ಷೆ

ಚಳಿಗಾಲದ ಬೆಳಗು, ಹತ್ತು ಗಂಟೆ. ಆಸ್ಪತ್ರೆಯ ಶೌಚಾಲಯದಿಂದ ಕೈ ಒರೆಸಿಕೊಳ್ಳುತ್ತ ಅತ್ತೆ ಹೊರಬಂದದ್ದನ್ನು ಕಂಡು ಸೊಸೆ ಹಣೆ ಚಚ್ಚಿಕೊಂಡಳು.

“ಅತ್ತೇ! ನೀರು ಕುಡಿದು ತಡ್ಕೊಂಡಿರಿ ಅಂತ ಡಾಕ್ಟರು ಹೇಳಿದ್ದು ಮರೆತ್ರಾ?”

“ಮರೆತಿಲ್ಲ ಕಣೇ. ಬಾಗಿಲು ಕಂಡ್ತು, ಕಾಲು ತಾನೇ ಹೋಯ್ತು.”

ಎಲ್ಲಿಗೆ ಹೋದರೂ ಅತ್ತೆ ಮೊದಲು ಹುಡುಕುತ್ತಿದ್ದದ್ದು ಆ ಬಾಗಿಲನ್ನೇ. ಈಚೆಗೆ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ತಂಗಿಯ ಮಗಳ ಮದುವೆಗೂ ಮಂಡಿನೋವಿನ ನೆಪ. ಮೂತ್ರ ಪರೀಕ್ಷೆಯಲ್ಲಿ ಸೋಂಕಿಲ್ಲ ಎಂದು ಬಂದಿತ್ತು. ಇವತ್ತಿನ ಪರೀಕ್ಷೆಯಲ್ಲೂ ಏನೂ ಗೊತ್ತಾಗದಿದ್ದರೆ ಇನ್ನು ಹೊಸ್ತಿಲು ದಾಟುವುದಿಲ್ಲವೆಂದು ಹಟ ಹಿಡಿದೇ ಬಂದಿದ್ದರು.

ಸೊಸೆ ಇನ್ನೊಂದು ಬಾಟಲಿ ನೀರು ಕುಡಿಸಿದಳು. ಆಮೇಲೆ ಕುರ್ಚಿ ಎಳೆದು ಶೌಚಾಲಯದ ಬಾಗಿಲಿಗೇ ಅಡ್ಡ ಕೂತಳು.

ಕರೆ ಬಂದ ಮೇಲೆ ಇಬ್ಬರೂ ಕೋಣೆಯೊಳಗೆ ಹೋದರು. ಡಾಕ್ಟರಮ್ಮ, “ನಿಂತ್ಕೊಂಡು ಜೋರಾಗಿ ಕೆಮ್ಮಿ ಅಮ್ಮಾ. ಸೋರಿದ್ರೆ ನಾಚ್ಕೋಬೇಡಿ, ಅದನ್ನ ನೋಡೋಕೇ ಕರೆಸಿದ್ದು” ಎಂದರು. ಅತ್ತೆ ತೊಡೆ ಬಿಗಿಹಿಡಿದು, ಬೆಕ್ಕು ಸೀನಿದ ಹಾಗೆ ಕೆಮ್ಮಿದರು. ಒಂದು ಹನಿಯೂ ಇಲ್ಲ. ಇನ್ನೊಮ್ಮೆ. ಊಹೂಂ.

“ಹೀಗೆ ಬಿಗಿಹಿಡಿದ್ರೆ ನನಗೇನು ಗೊತ್ತಾಗತ್ತೆ?”

ಸೊಸೆ ಬಾಯಿ ಹಾಕಿದಳು. ಕೆಲಸ ಮಾಡುವ ಬ್ಯೂಟಿ ಪಾರ್ಲರಿನಲ್ಲೂ ಅವಳ ಕತ್ತರಿಗಿಂತ ನಾಲಗೆಯೇ ಚುರುಕು. “ಡಾಕ್ಟ್ರೇ, ಇವರಿಗೆ ಕೆಮ್ಮೋಕೆ ಬರಲ್ಲ. ಕೆಮ್ಮು ಅಂದ್ರೆ ನಮ್ಮ ಮಾವಂದು. ಟೀ ಬೇಕಂದ್ರೆ ಒಂದು ಕೆಮ್ಮು, ತಡ ಆದ್ರೆ ಎರಡು, ಸಕ್ಕರೆ ಕಮ್ಮಿ ಆಯ್ತೋ...” ಕೆನ್ನೆ ಉಬ್ಬಿಸಿ, ಭುಜ ಕುಣಿಸಿ, ಮಾವನೇ ಎದುರು ನಿಂತ ಹಾಗೆ ಕೆಮ್ಮಿ ತೋರಿಸಿದಳು.

“ನಗಿಸಬೇಡ್ವೇ, ಮುಂಡೇದೇ...” ಅತ್ತೆ ಮೇಜಿನ ಅಂಚು ಹಿಡಿದರು. ನಗು ಕಟ್ಟೆ ಒಡೆಯಿತು. ನಗುವಿನ ಜೊತೆ ಉಳಿದದ್ದೂ.

“ಗೊತ್ತಾಯ್ತು ಬಿಡಿ! ಮೂತ್ರ ತಡೆಯೋ ಸ್ನಾಯು ಸಡಿಲ ಆಗಿದೆ. ವ್ಯಾಯಾಮ ಹೇಳ್ಕೊಡ್ತೀನಿ, ಕೆಲವು ತಿಂಗಳು ಬಿಡದೆ ಮಾಡಿ” ಎಂದರು ಡಾಕ್ಟರಮ್ಮ.

ಸೊಸೆ ಮಾತ್ರ ಕಣ್ಣು ಬಿಟ್ಟು ನಿಂತಿದ್ದಳು. ಅತ್ತೆಯ ನಗುವಿನ ದನಿಯನ್ನು ಅವಳು ಕೇಳಿದ್ದು ಇದೇ ಮೊದಲು.

“ಅಲ್ಲಾ ಅತ್ತೆ, ಮನೇಲಿ ನಾನು ಬಾಯಿ ತೆಗೆದ ಕೂಡ್ಲೇ ಎದ್ದು ಹೋಗ್ತಿದ್ರಲ್ಲ? ನನ್ನ ಕಂಡ್ರೆ ನಿಮಗಾಗಲ್ಲ ಅಂತ್ಲೇ ಇಷ್ಟು ವರ್ಷ ಅಂದ್ಕೊಂಡಿದ್ದೆ.”

“ಅಯ್ಯೋ ಪೆದ್ದಿ, ಕೂತು ನಕ್ಕಿದ್ರೆ ನೆಲ ಒರೆಸೋಳು ನೀನೇ ಆಗ್ತಿದ್ದೆ!”

ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಸೊಸೆ ಆಸ್ಪತ್ರೆಯ ಕತೆಯನ್ನು ಕೆಮ್ಮಿನ ಸಮೇತ ಶುರುಮಾಡಿದಳು. ಎದ್ದು ಹೋದವರು ಮಾವ. ಅತ್ತೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.