ಗುಂಡು ಹೋದ ದಾರಿ

ನಿವೃತ್ತ ಸುಬೇದಾರ್ ಬೆಳ್ಯಪ್ಪನವರಿಗೆ ಅಂಗಡಿಯಲ್ಲಿ ಸಿಗುವ ಕೋವಿಯ ತೋಟೆಗಳ ವೇಗ ಸಾಲದು. ದೊಡ್ಡ ತೋಟೆಯ ಬಾಯಿಯನ್ನು ಕಿರಿದು ಮಾಡಿ, ಒಳಗೆ ಮದ್ದು ಗಿಡಿದು, ತುದಿಗೆ ಕಡಲೆಕಾಳಿಗಿಂತ ಸಣ್ಣ ಗುಂಡು ಕೂರಿಸಿ, ತಮ್ಮದೇ ಕೆಲವು ತೋಟೆಗಳನ್ನು ತಯಾರಿಸಿದ್ದರು.

ಕೋವಿ-ಕತ್ತಿಗಳಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. "ಇವತ್ತು ತಪ್ಪಿದರೆ ಇನ್ನು ಕೋವಿ ಮುಟ್ಟೋದಿಲ್ಲ," ಎಂದು ಎಲ್ಲರೆದುರು ಹೇಳಿಯೇ ಅವರು ಗುರಿಯಿಟ್ಟರು.

ಸದ್ದಿಗೆ ಊರಿನ ಕಾಗೆಗಳೆಲ್ಲ ಹಾರಿದವು. ಬೆಳ್ಯಪ್ಪನವರ ಮನೆಯಿಂದಲೇ ತಂದು ಕಂಬಕ್ಕೆ ಕಟ್ಟಿದ್ದ ಸುಲಿದ ಕಾಯಿ ಮಾತ್ರ ಅಲ್ಲಾಡಲಿಲ್ಲ.

"ತಪ್ಪಿತು ಭಾವ," ಎಂದ ಹೆಂಡತಿಯ ತಮ್ಮ ಮುತ್ತಣ್ಣ.

"ತಪ್ಪಿಲ್ಲ. ಅಷ್ಟು ವೇಗದಲ್ಲಿ ಹೋದರೆ ಕಾಯಿಗೆ ಗೊತ್ತಾಗೋದು ಹೇಗೆ?"

ಮುತ್ತಣ್ಣ ನಗುತ್ತ ಕಾಯಿ ಬಿಚ್ಚಿ ತಂದ. ತಿರುಗಿಸಿ ನೋಡಿದವನ ನಗು ನಿಂತಿತು. ಕಾಯಿಯ ಕಣ್ಣಿನಲ್ಲಿ ಸಣ್ಣದೊಂದು ತೂತು. ಕುಲುಕಿದರೆ ಒಳಗೆ ಹನಿ ನೀರಿಲ್ಲ.

"ಹಾಗಾದರೆ ಗುಂಡು ಹೊರಗೆ ಹೋದ ತೂತು ಎಲ್ಲಿ?"

ಬೆಳ್ಯಪ್ಪನವರು ಕೋವಿಯನ್ನು ಹೆಗಲಿಗೇರಿಸಿದರು. "ಬಂದ ದಾರಿಯಲ್ಲೇ ವಾಪಸ್ ಹೋಗಿದೆ."

ತೀರ್ಪುಗಾರರು ತೂತನ್ನು ಇನ್ನೊಮ್ಮೆ ನೋಡಿ, ಗುರಿ ತಲುಪಿದೆ ಎಂದು ಬರೆದುಕೊಂಡರು. ಬಹುಮಾನದ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಳ್ಯಪ್ಪನವರು ಹೆಂಡತಿ ಚೋಂದಮ್ಮನ ಜೊತೆ ಮನೆಗೆ ಹೊರಟರು. ಅವರ ಎದೆ ಹುಂಜದ ಎದೆಗಿಂತ ಉಬ್ಬಿತ್ತು.

"ಉಳಿದ ತೋಟೆಗಳನ್ನ ಸೈನ್ಯಕ್ಕೆ ಕಳಿಸಬೇಕು," ಎಂದರು.

"ಜೊತೆಗೆ ನನ್ನನ್ನೂ ಕಳಿಸಿ," ಎಂದರು ಚೋಂದಮ್ಮ. "ಬೆಳಿಗ್ಗೆ ಬಾಯಾರಿಕೆ ಆಗಿ ಆ ಕಾಯಿಯ ಕಣ್ಣಿಗೆ ಹೇರ್‌ಪಿನ್ ಚುಚ್ಚಿ ನೀರು ಕುಡಿದವಳು ನಾನು."