ಮೊಂಡಾದ ರಂಪಿಗೆ

ಎಲ್ಲರೂ ಟೀ ಕುಡಿಯಲು ಹೊರಗೆ ಹೋದದ್ದೇ ತಡ, ದೊಡ್ಡ ಸೊಸೆ ತನ್ನ ಓರಗಿತ್ತಿಯ ರಂಪಿಗೆಯನ್ನು ಎತ್ತಿಕೊಂಡಳು. ಚರ್ಮ ಕೊಯ್ಯುವ ಅದರ ಅಗಲವಾದ ಅಲುಗನ್ನು ಕಿಟಕಿಯ ಕಲ್ಲಿಗೆ ಅಡ್ಡಡ್ಡ ಉಜ್ಜಿದಳು. ಒಂದು ಸಲ, ಎರಡು ಸಲ, ಮೂರು ಸಲ. ಸಾಕು. ಇನ್ನು ಹೇಗೆ ಕೊಯ್ಯುತ್ತಾಳೋ ಕೊಯ್ಯಲಿ, ಮಹಾರಾಣಿ.

ಹೊಟ್ಟೆ ಉರಿಯದೆ ಇನ್ನೇನಾದೀತು? ಈ ಚರ್ಮದ ಕೆಲಸದ ತರಬೇತಿಗೆ ಮೊದಲು ಸೇರಿದವಳು ಇವಳು. "ಮನೇಲಿ ಸುಮ್ನೆ ಕೂತಿರ್ತಾಳೆ, ಅವಳನ್ನೂ ಕರ್ಕೊಂಡು ಹೋಗು" ಎಂದು ಅತ್ತೆ ಹೇಳಿದ್ದಕ್ಕೆ ತಾನೇ ಕೈಹಿಡಿದು ಚಿಕ್ಕವಳನ್ನು ಕರೆತಂದಿದ್ದಳು. ಎರಡೇ ತಿಂಗಳು, ಆಮೇಲೆ ಮೇಷ್ಟ್ರ ಬಾಯಲ್ಲಿ ಬರೀ ಚಿಕ್ಕವಳದೇ ಜಪ. ಅವಳ ಹೊಲಿಗೆ ನೋಡಿ, ಅವಳು ಅಂಚು ತೀಡಿದ್ದು ನೋಡಿ. ಮನೆಗೆ ಹೋದರೆ ಅತ್ತೆಯದೂ ಅದೇ ರಾಗ. ಇವತ್ತು ಪರೀಕ್ಷೆ. ಗೆದ್ದವರಿಗೆ ಪಕ್ಕದ ಕಾರ್ಖಾನೆಯಲ್ಲಿ ಕೆಲಸ, ಇರುವುದು ಒಂದೇ ಜಾಗ. ಅದೂ ಅವಳ ಪಾಲಾದರೆ ಇವಳು ಮುಖ ಎತ್ತಿಕೊಂಡು ಮನೆಗೆ ಹೋಗುವ ಹಾಗಿರಲಿಲ್ಲ.

ಗಂಟೆ ಹೊಡೆಯಿತು. ಇಬ್ಬರೂ ತಮ್ಮ ತಮ್ಮ ಚರ್ಮದ ಮೇಲೆ ಚೀಲದ ಅಚ್ಚಿಟ್ಟು ಗೆರೆ ಎಳೆದು, ಕೊಯ್ಯಲು ತೊಡಗಿದರು. ದೊಡ್ಡವಳಿಗೇ ಆಶ್ಚರ್ಯ. ಯಾವತ್ತೂ ಮೊಂಡು ಹಿಡಿಯುತ್ತಿದ್ದ ದಪ್ಪ ಚರ್ಮ ಇವತ್ತು ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತಿತ್ತು. ನನ್ನ ಕೈಗೂ ಒಂದು ಕಾಲ ಬಂತಲ್ಲ, ಎಂದು ಒಳಗೊಳಗೇ ಹಿಗ್ಗಿದಳು.

"ಅಮ್ಮಾ" ಎಂಬ ಸದ್ದಿಗೆ ತಿರುಗಿ ನೋಡಿದರೆ, ಚಿಕ್ಕವಳು ಎಡಗೈ ಒತ್ತಿಹಿಡಿದು ಕೂತಿದ್ದಾಳೆ. ಅಲುಗು ಹಿಡಿಯಲಿಲ್ಲವೆಂದು ಬಲವಾಗಿ ಒತ್ತಿದ್ದಾಳೆ, ಅದು ಜಾರಿ ಹೆಬ್ಬೆರಳ ಬುಡಕ್ಕೇ ಇಳಿದಿದೆ. ದೊಡ್ಡವಳು ಅಂಚು ಸೊಟ್ಟಗಾಗಲಿ ಎಂದಿದ್ದಳೇ ಹೊರತು ರಕ್ತ ಬರಲಿ ಎಂದಿರಲಿಲ್ಲ. ಓಡಿಹೋಗಿ ಗಾಯಕ್ಕೆ ಬಟ್ಟೆ ಸುತ್ತಿದಳು. ಸುತ್ತುತ್ತಿರುವಾಗಲೇ, ಸುಳ್ಳೇಕೆ ಹೇಳಬೇಕು, ಜಾಗ ಇನ್ನು ನನ್ನದೇ ಎಂದು ಒಳಗೆ ತಣ್ಣಗಾಯಿತು.

ಮೇಷ್ಟ್ರು ದೊಡ್ಡವಳು ಕೊಯ್ದ ತುಂಡುಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವಳ ರಂಪಿಗೆಯನ್ನು ಉಗುರಿನ ಮೇಲೆ ಆಡಿಸಿದರು.

"ಕೆಲಸ ನಿಮಗೇ ಅಮ್ಮ. ಅಲುಗು ಇಷ್ಟು ಚೆನ್ನಾಗಿ ಮಸೆಯೋದು ಯಾವಾಗ ಕಲಿತ್ರಿ?"

ದೊಡ್ಡವಳು ಕಣ್ಣುಕಣ್ಣು ಬಿಟ್ಟಳು. ಒಂದು ವಾರದಿಂದ ಅವಳು ಸಾಣೆಕಲ್ಲು ಮುಟ್ಟಿರಲಿಲ್ಲ.

"ನಾನು ಮಸೆದೆ ಸಾರ್," ಎಂದಳು ಚಿಕ್ಕವಳು, ಕೈ ಎದೆಗೊತ್ತಿಕೊಂಡು. "ಅಕ್ಕಂಗೆ ಮನೆಗೆಲಸದಲ್ಲಿ ಪುರುಸೊತ್ತೇ ಇರಲ್ಲ. ಬೆಳಿಗ್ಗೆ ಅವರದು ಮುಗಿಸೋ ಹೊತ್ತಿಗೆ ನೀವು ಬಂದ್ರಿ, ನನ್ನದು ಹಾಗೇ ಉಳೀತು. ಅದಕ್ಕೇ ಜಾರಿರಬೇಕು."

ಮೇಷ್ಟ್ರು ಚಿಕ್ಕವಳ ರಂಪಿಗೆಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು. "ಮಸೆಯದೆ ಬಿಟ್ಟ ಅಲುಗು ಹೀಗಿರಲ್ಲ. ಇದನ್ನ ಯಾರೋ ಬೇಕಂತಲೇ ಕಲ್ಲಿಗೆ ಉಜ್ಜಿದ್ದಾರೆ."

ದೊಡ್ಡವಳು ಸರಿದು ಕಿಟಕಿಯ ಕಲ್ಲಿಗೆ ಅಡ್ಡವಾಗಿ ನಿಂತಳು.

"ಇಲ್ಲ ಸಾರ್, ನನ್ನ ಕೈಯಿಂದ ಕೆಳಗೆ ಬಿತ್ತು," ಎಂದಳು ಚಿಕ್ಕವಳು. ಹಾಗೆನ್ನುವಾಗ ಅವಳ ಕಣ್ಣು ದೊಡ್ಡವಳ ಮುಖದ ಮೇಲೇ ಇತ್ತು.